ಮಳೆಯಿಲ್ಲದ ವರ್ಷ ತುಂಬಿದ ಕೆರೆ

೧೫ ಜನವರಿ ೨೦೦೩, ಬುಧವಾರ

ಬಿ.ಪಿ. ಹೀಗೇ ಏರುತ್ತಿದ್ದರೆ ಮಗಳ ಮದುವೆ ನೋಡಲು ನೀವೇ ಇರುವುದಿಲ್ಲ ಎಂದು ಜಯನಗರದ ಡಾಕ್ಟರು ಹೆದರಿಸಿ ಕಳಿಸಿದ್ದಾರೆ. ಕೂಗಾಡಬಾರದಂತೆ, ಯಾರನ್ನೂ ಬೈಯಬಾರದಂತೆ. ಬೈಯದೆ ಈ ಮನೆ ನಡೆಯುವುದು ಹೇಗೆ ಅಂತ ಅವರು ಹೇಳಲಿಲ್ಲ. ಶ್ವೇತ ಒಂದು ಡೈರಿ ತಂದು ಕೈಗಿಟ್ಟು, "ಬೈಯೋದನ್ನೆಲ್ಲ ಇದ್ರಲ್ಲಿ ಬೈಕೊಮ್ಮ, ಇದು ತಿರುಗಿಸಿ ಮಾತಾಡಲ್ಲ" ಎಂದಳು. ನನ್ನ ಮಗಳಿಗೂ ನಾಲಿಗೆ ಕಡಿಮೆಯಿಲ್ಲ. ಸರಿ, ಶುರು ಮಾಡುತ್ತೇನೆ.

ನಿನ್ನೆ ಸಂಕ್ರಾಂತಿ. ಹಸುಗಳ ಮೈ ತೊಳೆಯಲು ದೊಡ್ಡಕೆರೆಗೆ ಹೊಡೆದುಕೊಂಡು ಹೋದರೆ ಗೌರಿ ಮೊಣಕಾಲುದ್ದ ನೀರಿಗೆ ಇಳಿದು, ಮೂಸಿ, ಹಿಂದಕ್ಕೆ ಬಂದುಬಿಟ್ಟಳು. ಎಷ್ಟು ಎಳೆದರೂ ಇಳಿಯಲಿಲ್ಲ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ. ಕೈ ಅದ್ದಿದೆ, ಬೆರಳಿಗೆ ಅಂಟಿದ್ದು ಸೋಪು ಹಾಕಿದರೂ ವಾಸನೆ ಬಿಡಲಿಲ್ಲ. ಆ ಕಡೆ ದಡದಲ್ಲಿ ಜೊಂಡು ಆಳೆತ್ತರ ನಿಂತಿದೆ.

ಎರಡು ವರ್ಷದಿಂದ ಮಳೆಯಿಲ್ಲ. ಕೋಣನಕುಂಟೆ ದಾಟಿದ ಮೇಲೆ ಎಷ್ಟೋ ಊರಿನ ಕೆರೆಗಳಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ನಮ್ಮ ಕೆರೆ ಮಾತ್ರ ಕೋಡಿಯವರೆಗೆ ತುಂಬಿದೆ. ಅದು ನಮ್ಮ ಯಜಮಾನರ ಶ್ರಮ. ಹೋದ ವರ್ಷ ಆಫೀಸಿನವರ ಹಿಂದೆ ಅಲೆದು ಏನೋ ವ್ಯವಸ್ಥೆ ಮಾಡಿಸಿ ನೀರು ಬರಿಸಿದರು. ಚಿಕ್ಕಬೈರಪ್ಪ ಇರುವ ತನಕ ಊರಿಗೆ ಬರ ಇಲ್ಲ ಅಂತ ಜನ ಹೊಗಳಿದ್ದೇ ಹೊಗಳಿದ್ದು. ಶ್ರಾವಣದಲ್ಲಿ ಬಾಗಿನ ಬಿಟ್ಟಾಗ ಮೊದಲ ಮೊರ ನನ್ನದೇ.

ಅಂಥ ಕೆರೆಯನ್ನು ಯಾರೋ ಹಾಳು ಮಾಡುತ್ತಿದ್ದಾರೆ. ಮೇ ತಿಂಗಳಲ್ಲಿ ಶ್ವೇತಳ ಮದುವೆ. ಚಪ್ಪರದ ದಿನ ಮುತ್ತೈದೆಯರು ಕೆರೆಗೆ ಹೋಗಿ ಗಂಗೆಪೂಜೆ ಮಾಡಿ ಕೊಡದಲ್ಲಿ ನೀರು ತರಬೇಕು. ಆ ನೀರು ಹುಡುಗಿಯ ತಲೆಗೆ ಬೀಳದೆ ನಮ್ಮಲ್ಲಿ ಮದುವೆಯಿಲ್ಲ. ಸೊಸೆಯಾಗಿ ಈ ಮನೆಗೆ ಬಂದಾಗ ನನಗೂ ಇದೇ ಕೆರೆಯ ನೀರು ಹುಯ್ದರು, ನಮ್ಮತ್ತೆಗೂ ಇದೇ. ಈ ಪಾಚಿಯನ್ನು ಮಗಳ ತಲೆಗೆ ಹುಯ್ಯಲೇ? ಮಾದೇನಹಳ್ಳಿಯ ಬೀಗರು ಹೇಳಿಕೇಳಿ ಆಚಾರದವರು. ಹುಡುಗ ಮನೋಜ್ ಪಾಪ, ಜೆ.ಪಿ. ನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ತನ್ನ ಪಾಡಿಗೆ ಇದ್ದಾನೆ. ಆದರೆ ಆ ಮನೆಯಲ್ಲಿ ನಡೆಯುವುದು ಅವನ ಅಜ್ಜಿ ಬೈರಮ್ಮನ ಮಾತು. ಅವರ ಕೆರೆಯಲ್ಲಿ ನೀರು ಸ್ವಲ್ಪವೇ ಇದ್ದರೂ ತಿಳಿಯಾಗಿ ತಳ ಕಾಣುತ್ತದೆ, ನಿಶ್ಚಿತಾರ್ಥಕ್ಕೆ ಹೋದಾಗ ಆಯಮ್ಮ ಅದನ್ನು ಕರೆದುಕೊಂಡು ಹೋಗಿ ತೋರಿಸಿದ್ದರು.

೨೩ ಜನವರಿ

ಮನೆಯ ಹಿಂದೆ ವಠಾರ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೇವೆ. ಎಲ್ಲರೂ ಕೊಪ್ಪಳ, ರಾಯಚೂರಿನ ಕಡೆಯವರು. ಬಿ.ಟಿ.ಎಂ. ಲೇಔಟಿನ ಆಫೀಸುಗಳಲ್ಲಿ ದುಡಿಯುತ್ತಾರೆ, ಅಲ್ಲಿಯ ಬಾಡಿಗೆ ಕೈಗೆಟುಕದೆ ಇಷ್ಟು ದೂರ ಬಂದಿದ್ದಾರೆ. ಬೆಳಗಾದರೆ ಹೆಂಗಸರೆಲ್ಲ ಕಲ್ಲಿನ ಹತ್ತಿರ ಕೂತು ಬಟ್ಟೆ ಒಗೆದು ನೊರೆ ಹರಿಸುವುದು ನಾನು ಕಂಡಿಲ್ಲವೇ? ಬಟ್ಟೆ ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಇರುತ್ತದೆ, ಅದು ಗಿಡಕ್ಕೆ ಗೊಬ್ಬರ ಇದ್ದ ಹಾಗೆ ಎಂದು ಬಿ.ಎಸ್ಸಿ. ಓದಿದ ಶ್ವೇತ ಹೇಳಿದ್ದೇ ತಡ, ಎದ್ದುಹೋಗಿ ವಠಾರದಲ್ಲಿ ನಿಂತು ಹೇಳಿದೆ: ಇವತ್ತಿನಿಂದ ಪುಡಿ ಹಾಕಿದರೆ ಮನೆ ಖಾಲಿ ಮಾಡಿ.

ಎಲ್ಲರೂ ತಲೆ ತಗ್ಗಿಸಿದರು. ಕೊನೆಯ ಮನೆಯ ಆ ಪಾರವ್ವ ಅನ್ನುವವಳು ಮಾತ್ರ ಒದ್ದೆ ಕೈ ಒರೆಸಿಕೊಂಡು ನಿಂತಳು. ಗಂಡ ನೀಲಕಂಠಪ್ಪ ಯಾವುದೋ ಆಫೀಸಿನ ಡ್ರೈವರು, ಇವಳು ಶಾಲೆಯೊಂದರಲ್ಲಿ ಆಯಾ.

"ಅಕ್ಕಾರ, ನಿಮ್ಮ ಮನ್ಯಾಗ ಮಷೀನಿಗೆ ಏನ ಹಾಕ್ತೀರಿ?"

"ನಮ್ಮದು ಮಷೀನ್ ಕಣಮ್ಮ, ಅದಕ್ಕೆ ಅದರದೇ ಪುಡಿ."

"ಹೌದ್ರಿ. ಆ ಮಷೀನಿನ ನೀರು ಕಾಶಿಗೆ ಹೋಗ್ತೈತೇನ್ರಿ?"

ಬಾಯಿ ನೋಡಿ. ಬಾಡಿಗೆಯವಳು ಮನೆಯೊಡತಿಗೆ ಹೇಳುವ ಮಾತೇ ಇದು? ತಿಂಗಳ ಕೊನೆಗೆ ಇವಳನ್ನು ಬಿಡಿಸಿಬಿಡಬೇಕು. ಮನೆಗೆ ಬಂದು ಮಾತ್ರೆ ನುಂಗಿದೆ. ಮಷೀನಿಗೆ ಪುಡಿ ಅರ್ಧ ಹಾಕು ಎಂದು ಶ್ವೇತಳಿಗೆ ಹೇಳಿದ್ದೇನೆ, ಅದು ಬೇರೆ ವಿಷಯ.

೪ ಫೆಬ್ರವರಿ

ಕಳ್ಳ ಸಿಕ್ಕಿದ.

ನಾನು ಮದುವೆಯಾಗಿ ಬಂದಾಗಿನಿಂದ ಲೇಔಟ್ ಆಗುವ ತನಕ ಈ ಕೆರೆಯ ಕೆಳಗೆ ರಾಗಿ, ಸೊಪ್ಪು ಬೆಳೆದವಳು. ಗೊಬ್ಬರ ಕಾಣದೆ ಯಾವ ಹಸಿರೂ ಈ ಪಾಟಿ ಹಬ್ಬುವುದಿಲ್ಲ. ಯಾರೋ ನಮ್ಮ ಕೆರೆಗೆ ಗೊಬ್ಬರ ಸುರಿಯುತ್ತಿದ್ದಾರೆ ಎಂದು ನನಗೆ ಅನ್ನಿಸಿತ್ತು. ಇವತ್ತು ಬೆಳಿಗ್ಗೆ ಏರಿಯ ಮೇಲೆ ನಿಂತಿದ್ದಾಗ ಟೆಂಪೊ ಬಂತು. ಮೀನು ಗುತ್ತಿಗೆ ಹಿಡಿದಿರುವ ಸಿದ್ದಾಪುರದ ಮುತ್ತುರಾಜ, ಕೋಳಿ ಫಾರಂನ ಗೊಬ್ಬರವನ್ನು ಮೂಟೆ ಮೂಟೆಯಾಗಿ ಬಿಚ್ಚಿ ನೀರಿಗೆ ಸುರಿಸುತ್ತಿದ್ದಾನೆ. ಮೈ ಉರಿದುಹೋಯಿತು.

"ಏನಪ್ಪ ಇದು?"

"ಮೀನಿಗೆ ಊಟ ಮೇಡಂ. ಇದ್ನ ಹಾಕಿದ್ರೆ ನೀರು ಹಸಿರಾಗುತ್ತೆ, ಹಸಿರು ತಿಂದು ಮೀನು ದಪ್ಪ ಆಗುತ್ತೆ. ಎಲ್ಲಾ ಕೆರೇಲೂ ಹಾಕ್ತಾರೆ."

"ನೀನು ಊಟ ಮಾಡೋ ತಟ್ಟೆಗೆ ಯಾರಾದ್ರೂ ಇದನ್ನ ಹಾಕಿದ್ರೆ ಸುಮ್ನೆ ಇರ್ತೀಯೇನೋ?"

ಟೆಂಪೊ ಮುಂದೆ ಏರಿಯ ಮೇಲೆ ಕೂತುಬಿಟ್ಟೆ. ಬಿಸಿಲೇರಿದರೂ ಏಳಲಿಲ್ಲ. ಊರ ಯಜಮಾನರ ಹೆಂಡತಿಯ ಮೇಲೆ ಗಾಡಿ ಹತ್ತಿಸಲು ಅವನಿಗೇನು ಹುಚ್ಚೇ? ಕೊನೆಗೆ ಮಿಕ್ಕ ಮೂಟೆಗಳನ್ನು ವಾಪಸ್ಸು ತೆಗೆದುಕೊಂಡು ಹೋದ, ಇನ್ನು ತರುವುದಿಲ್ಲ ಎಂದು ಏರಿಯ ಮೇಲಿನ ಮುನೇಶ್ವರನ ಕಲ್ಲು ಮುಟ್ಟಿ ಆಣೆ ಮಾಡಿದ. ಯಾವಾಗ ಬಂದು ನಿಂತಿದ್ದಳೋ ಪಾರವ್ವ, ಕುಡಿಯಲು ಒಂದು ಚೊಂಬು ನೀರು ಕೊಟ್ಟಳು. ಬಾಯಾರಿತ್ತು, ಕುಡಿದೆ.

೫ ಫೆಬ್ರವರಿ

ಬಿ.ಪಿ. ನೂರ ಅರವತ್ತು. ಆದರೂ ಗೆದ್ದೆ.

೨೧ ಫೆಬ್ರವರಿ, ಶುಕ್ರವಾರ

ಗೆದ್ದದ್ದು ಮಣ್ಣು. ಇವತ್ತು ದಡದುದ್ದಕ್ಕೂ ಮೀನು ಹೊಟ್ಟೆ ಮೇಲಾಗಿ ತೇಲಿವೆ. ಬೀದಿ ನಾಯಿಗಳೂ ಮೂಸಿ ಬಿಟ್ಟುಹೋಗುತ್ತಿವೆ. ಮುತ್ತುರಾಜ ಬಂದು ಏರಿಯ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. ನನ್ನನ್ನು ಕಂಡವನೇ ಎದ್ದು ನಿಂತ.

"ನಾನು ಗೊಬ್ಬರ ಹಾಕೋದು ನಿಲ್ಸಿದ್ದೀನಿ ತಾನೆ ಮೇಡಂ? ಮುಂಚೆಗಿಂತ ಜಾಸ್ತಿ ಹಸಿರಾಗಿದೆ. ಬೆಳಗಿನ ಜಾವ ನೀರಲ್ಲಿ ಉಸಿರೇ ಇಲ್ದೆ ಮೀನೆಲ್ಲ ಸತ್ತೋದ್ವು. ಈಗ ಯಾರ್ನ ಬೈತೀರ?"

ಯಾರನ್ನ ಬೈಯಲಿ? ಹೊಸ ಅಪಾರ್ಟ್‌ಮೆಂಟಿನವರನ್ನು ಬೈದೆ. ಎಮ್ಮೆ ತೊಳೆಯುವವರನ್ನು ಬೈದೆ. ಗಣೇಶನ ಹಬ್ಬದಲ್ಲಿ ಬಣ್ಣದ ಗಣೇಶ ಬಿಡುವ ಹುಡುಗರನ್ನು ಬೈದೆ. ಬೈಗುಳ ಮುಗಿದವು, ಪಾಚಿ ಮುಗಿಯಲಿಲ್ಲ.

ಪಾರವ್ವ ಜೊತೆಗಿದ್ದಳು. ಅವಳ ಶಾಲೆ ಇರುವುದು ಏರಿಯ ಆ ತುದಿಯಲ್ಲಿ, ಹೇಗೂ ಇದೇ ದಾರಿ. ಬಹಳ ಹೊತ್ತು ನೀರು ನೋಡುತ್ತ ನಿಂತು, "ಅಕ್ಕಾರ, ಎರಡು ವರ್ಷ ಮಳಿ ಇಲ್ಲ ಅಂತೀರಿ. ಮಳಿ ಇಲ್ಲದ ಕೆರಿ ಹೆಂಗ ತುಂಬೇತ್ರಿ?" ಎಂದಳು.

ನಮ್ಮ ಯಜಮಾನರು ತುಂಬಿಸಿದರು ಎಂದೆ. ಎಲ್ಲಿಂದ ಎಂದಳು. ಆಫೀಸಿನವರ ಕೈಲಿ ಮಾಡಿಸಿದ್ದು ಎಂದೆ. ಅವಳು ಸುಮ್ಮನಾದಳು. ಅವಳು ಸುಮ್ಮನಾದದ್ದು ನನಗೆ ಸರಿಬರಲಿಲ್ಲ.

೧ ಮಾರ್ಚ್, ಶಿವರಾತ್ರಿ

ಬರೆಯಬೇಕು, ಇಲ್ಲದಿದ್ದರೆ ಕೂಗಿಬಿಡುತ್ತೇನೆ.

ಉಪವಾಸ, ಅಡುಗೆ ಕೆಲಸವಿಲ್ಲ. ನೀರು ಎಲ್ಲಿಂದ ಬರುತ್ತದೋ ನೋಡೋಣ ನಡಿ ಎಂದು ಪಾರವ್ವನನ್ನು ಕರೆದುಕೊಂಡು ಕೆರೆಯ ಸುತ್ತ ಹೊರಟೆ. ಮೇಲ್ಗಡೆ, ಲೇಔಟಿನ ಕೊನೆಯ ರಸ್ತೆಯ ಹಿಂದೆ ಲಾಂಟಾನ ಪೊದೆ. ಅದರೊಳಗಿಂದ ನೀರಿನ ಸದ್ದು. ಮುಳ್ಳು ಸರಿಸಿ ನೋಡಿದರೆ ಆಳು ಬಗ್ಗಿ ಒಳಗೆ ನುಗ್ಗಬಹುದಾದಷ್ಟು ದೊಡ್ಡ ಸಿಮೆಂಟ್ ಕೊಳವೆ. ಅದರ ಬಾಯಿಂದ ಕಪ್ಪು ನೀರು, ಬಿಳಿ ನೊರೆ. ನೊರೆಯ ಜೊತೆ ಏನೇನು ಬರುತ್ತಿತ್ತು ಅಂತ ಶಿವರಾತ್ರಿಯ ದಿನ ಬರೆಯಲು ಮನಸ್ಸು ಬರುತ್ತಿಲ್ಲ. ಇಡೀ ಲೇಔಟಿನ ಕಕ್ಕಸು. ನಮ್ಮ ವಠಾರದ ಕಕ್ಕಸು. ನಮ್ಮ ಮನೆಯಲ್ಲಿ ಹೊಸದಾಗಿ ಹಾಕಿಸಿದ ಇಂಗ್ಲಿಷ್ ಕಮೋಡು. ಪಾರವ್ವ ಸೆರಗು ಮೂಗಿಗೆ ಹಿಡಿದು ನಿಂತಳು.

ಮನೆಗೆ ಬಂದಾಗ ಯಜಮಾನರು ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು.

"ಆ ಪೈಪಿನ ಬಾಯಿ ಕೆರೆಗೆ ಬಿಡಿಸಿದ್ದು ಯಾರು?"

"ಯಾಕೆ, ನಾನೇ. ಚರಂಡಿ ಲೈನು ಹಾಕೋಕೆ ಬಂದ ಇಂಜಿನಿಯರು ಯಾವ ಕಡೆ ತಿರುಗಿಸಲಿ ಯಜಮಾನ್ರೆ ಅಂತ ಕೇಳ್ದ. ಊರ ನೀರು ಊರ ಕೆರೆಗೇ ಹೋಗ್ಲಿ ಅಂದೆ." ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ನಮ್ಮಪ್ಪ, ನಮ್ಮ ತಾತ ಇದನ್ನೇ ತಾನೆ ಮಾಡಿದ್ದು? ಒಂದು ತೊಟ್ಟು ನೀರು ಊರು ಬಿಟ್ಟು ಆಚೆ ಹೋಗ್ಬಾರ್ದು ಅಂತ ಗುದ್ದಲಿ ಹಿಡ್ಕೊಂಡು ಕಾಲುವೆ ತೋಡ್ಲಿಲ್ವ? ನಾನೂ ತಿರುಗಿಸಿದೆ. ಕೆರೆ ತುಂಬ್ತೋ ಇಲ್ವೋ?"

"ನಿಮ್ಮ ತಾತನ ಕಾಲದಲ್ಲಿ ಮನೇಲಿ ಕಕ್ಕಸು ಇತ್ತಾ?"

ಪೇಪರ್ ಮಡಿಸಿದರು. "ನೀರು ನೀರೇ ಕಣೆ" ಎಂದರು.

ನೀರು ನೀರೇ ಅಂತೆ. ಅದೇ ನೀರಿಗೆ ನಾನು ಅರಿಶಿನ ಕುಂಕುಮ ಹಾಕಿ, ಹಸಿರು ಬಳೆ ಇಟ್ಟು, ಮೊರ ಬಿಟ್ಟು ಕೈ ಮುಗಿದಿದ್ದೇನೆ. ತಲೆಗೆ ಪ್ರೋಕ್ಷಣೆ ಮಾಡಿಕೊಂಡಿದ್ದೇನೆ. ನಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಆ ಮೀನಿನವನ ಎಲೆಯ ನೊಣ ಓಡಿಸಲು ಬಿಸಿಲಲ್ಲಿ ಕೂತಿದ್ದವಳು ನಾನು. ಯಾರ ಮೇಲೆ ಇಷ್ಟು ಸಿಟ್ಟು ಬರುತ್ತಿದೆ ಅಂತಲೇ ತಿಳಿಯುತ್ತಿಲ್ಲ.

೩ ಮಾರ್ಚ್

ಮಾತು ಬಿಟ್ಟಿದ್ದೇನೆ. ಮುದ್ದೆ ಮಾಡಿ ಇಟ್ಟೆ. ಅವರೇ ಬಡಿಸಿಕೊಂಡು ಉಂಡರು.

೧೮ ಮಾರ್ಚ್, ಮಂಗಳವಾರ

ಚರಂಡಿ ಲೈನಿನ ಆಫೀಸಿಗೆ ಹೋಗಿದ್ದೆ. ಪಾರವ್ವ ಶಾಲೆಗೆ ರಜೆ ಹಾಕಿ ಬಂದಳು. ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ, ಊಟದ ಹೊತ್ತು ದಾಟಿದ ಮೇಲೆ ಸಾಹೇಬರು ಒಳಗೆ ಕರೆದರು.

"ಮೇಡಂ, ನಿಮ್ಮ ಏರಿಯಾಗೆ ಶುದ್ಧೀಕರಣ ಘಟಕ ಪ್ಲಾನ್‌ನಲ್ಲಿ ಇದೆ. ಅದು ಬಂದ್ಮೇಲೆ ಈ ಲೈನು ಅದಕ್ಕೆ ಸೇರುತ್ತೆ."

"ಯಾವಾಗ ಬರುತ್ತೆ ಸಾರ್?"

"ಜಾಗ ಸಿಗ್ಬೇಕಲ್ಲ."

"ಅಲ್ಲೀವರ್ಗೂ?"

"ಅಲ್ಲೀವರ್ಗೂ ಕೆರೆ ಇದೆಯಲ್ಲ ಮೇಡಂ."

ಇಷ್ಟು ಸಲೀಸಾಗಿ ಹೇಳಿದ ಪುಣ್ಯಾತ್ಮ. ಕೆರೆ ಇದೆಯಲ್ಲ. ಇವರ ಮನೆಯ ಕೊಳೆ ಹಾಕಲು ಜಾಗ ಸಿಗದಿದ್ದರೆ ದೇವರ ಕೋಣೆ ಇದೆಯಲ್ಲ ಅನ್ನುತ್ತಾರೆಯೇ? ನಾನು ಬಾಯಿ ತೆರೆಯುವಷ್ಟರಲ್ಲಿ ಪಾರವ್ವ ನನ್ನ ಕೈ ಹಿಡಿದು ಅದುಮಿದಳು. "ಅಕ್ಕಾರಿಗೆ ಬಿ.ಪಿ. ಐತ್ರಿ ಸಾಹೇಬ್ರ, ಅದಕ್ಕ ಸುಮ್ಮನದಾರ. ಇಲ್ಲಂದ್ರ ನಿಮಗ ಕಷ್ಟ ಆಗ್ತಿತ್ತು" ಎಂದಳು. ಬಸ್ಸಿನಲ್ಲಿ ಅದನ್ನು ನೆನೆಸಿಕೊಂಡು ಇಬ್ಬರೂ ನಕ್ಕೆವು. ಇಷ್ಟು ದಿನದ ಮೇಲೆ ನಕ್ಕಿದ್ದು.

೨ ಏಪ್ರಿಲ್, ಯುಗಾದಿ

ಬೇವು ಬೆಲ್ಲ ಕೊಟ್ಟೆ, ಹೋಳಿಗೆ ಮಾಡಲಿಲ್ಲ. ಆ ಕೊಳವೆ ತಿರುಗುವ ತನಕ ಈ ಮನೆಯಲ್ಲಿ ಹಬ್ಬ ಇಲ್ಲ ಎಂದುಬಿಟ್ಟೆ. ಹೋಳಿಗೆ ಇಲ್ಲದ ಎಲೆಯ ಮುಂದೆ ಯಜಮಾನರು ಕೂತರು.

"ತಿರುಗಿಸಿದ್ರೆ ಕೆರೆ ಬತ್ತಿಹೋಗುತ್ತೆ. ಗಂಗೆ ಎಲ್ಲಿಂದ ತರ್ತೀಯ?"

"ಬತ್ಲಿ. ನಾರೋ ಗಂಗೆಗಿಂತ ಇಲ್ದೆ ಇರೋ ಗಂಗೆ ವಾಸಿ."

"ಬೀಗರು ಏನಂತಾರೆ?"

"ಅದು ನನಗೆ ಬಿಡಿ."

ಮಧ್ಯಾಹ್ನವೇ ಜೆ.ಸಿ.ಬಿ. ತರಿಸಿದರು. ಕೊಳವೆಯ ಬಾಯಿಯಿಂದ ಕೆರೆಯ ಮಗ್ಗುಲಲ್ಲೇ ಉದ್ದಕ್ಕೂ ಕಾಲುವೆ ತೋಡಿಸಿ ಕೋಡಿಗೆ ಸೇರಿಸಿದರು. ಸಂಜೆಯ ಹೊತ್ತಿಗೆ ಕಪ್ಪು ನೀರೆಲ್ಲ ಕೋಡಿ ಹಳ್ಳ ಹಿಡಿದು ತಗ್ಗಿಗೆ ಹೋಯಿತು. ಹೋಗಲಿ, ಎಲ್ಲಿಗಾದರೂ ಹೋಗಲಿ, ಕಣ್ಣೆದುರಿಂದ ತೊಲಗಿತಲ್ಲ. ಹೋಳಿಗೆಗೆ ಕಡಲೆಬೇಳೆ ನೆನೆಹಾಕಿದ್ದೇನೆ, ನಾಳೆ ಮಾಡುತ್ತೇನೆ. ಪಾರವ್ವನ ಮನೆಗೂ ಕೊಡಬೇಕು.

೨೦ ಏಪ್ರಿಲ್, ಭಾನುವಾರ

ತೂಬನ್ನೂ ಎತ್ತಿಸಿದ್ದರಿಂದ ಕೆರೆ ಇಳಿದು ಇಳಿದು ಈಗ ನಡುವೆ ಒಂದು ಕುಂಟೆಯಷ್ಟು ನೀರಿದೆ. ಪಾಚಿ ಒಣಗಿ ಹಪ್ಪಳವಾಗಿ ಏಳುತ್ತಿದೆ. ಮೊದಲ ವಾರ ಊರಿನವರು ಮೂಗು ಮುಚ್ಚಿಕೊಂಡು ನನಗೆ ಶಾಪ ಹಾಕಿದರು. ಯಜಮಾನ ತುಂಬಿಸಿದ ಕೆರೆಯನ್ನು ಯಜಮಾನತಿ ಬತ್ತಿಸಿದಳು ಎಂದು ಹೋಟೆಲಿನಲ್ಲಿ ಆಡಿಕೊಂಡರಂತೆ. ಆಡಿಕೊಳ್ಳಲಿ, ನನಗೇನು? ತೆಂಗಿನ ತೋಟದವರು ಟ್ರ್ಯಾಕ್ಟರ್ ತಂದು ತಳದ ಗೋಡುಮಣ್ಣು ಹೊಡೆದುಕೊಂಡು ಹೋಗುತ್ತಿದ್ದಾರೆ. ಗೋಡು ಹೊಡೆಯದೆ ಎಷ್ಟು ವರ್ಷವಾಗಿತ್ತು. ಹೊಲಗಳಿದ್ದಾಗ ಬೇಸಿಗೆ ಬಂತೆಂದರೆ ಗಾಡಿಗಳು ಸಾಲುಗಟ್ಟುತ್ತಿದ್ದವು. ಕೆರೆಯಲ್ಲಿ ಕೂತ ಗೊಬ್ಬರವೆಲ್ಲ ಹೊಲಕ್ಕೆ ವಾಪಸ್ಸು ಹೋಗುತ್ತಿತ್ತು. ಹೊಲ ಹೋಯಿತು, ಗಾಡಿ ಹೋಯಿತು, ಗೊಬ್ಬರ ಮಾತ್ರ ಉಳಿಯಿತು.

ಮದುವೆಗೆ ಹಪ್ಪಳ, ಸಂಡಿಗೆ ಹಾಕುತ್ತಿದ್ದೇವೆ. ನಮ್ಮ ಪಾರವ್ವ ಮಾಡುವ ಜೋಳದ ಸಂಡಿಗೆ ಶ್ವೇತಳಿಗೆ ಬಹಳ ಹಿಡಿಸಿದೆ. ಬಿ.ಪಿ. ಇಳಿದಿದೆ ಎಂದರು ಡಾಕ್ಟರು. ಬೈಯುವುದು ಬಿಟ್ಟಿರಾ ಎಂದು ಕೇಳಿದರು. ಇಲ್ಲ, ಗೆದ್ದೆ ಎಂದೆ.

೨೭ ಏಪ್ರಿಲ್, ಭಾನುವಾರ

ಲಗ್ನಪತ್ರಿಕೆ ಕೊಡಲು ಮಾದೇನಹಳ್ಳಿಗೆ ಹೋಗಿದ್ದೆವು, ನಾನು, ಯಜಮಾನರು. ಊರ ಬಾಗಿಲಲ್ಲೇ ಕಾರಿನ ಗಾಜು ಏರಿಸಬೇಕಾಯಿತು. ಆ ವಾಸನೆಯನ್ನು ನಾನು ಸತ್ತರೂ ಮರೆಯುವುದಿಲ್ಲ, ನನಗೆ ಪರಿಚಯವಿರುವ ವಾಸನೆ.

ಬೈರಮ್ಮ ಮನೆಯೊಳಗೆ ಕರೆಯಲಿಲ್ಲ. ಕೋಲೂರಿಕೊಂಡು ನೇರ ಕೆರೆಯ ಏರಿಗೆ ಕರೆದುಕೊಂಡು ಹೋದರು. ನಿಶ್ಚಿತಾರ್ಥದ ದಿನ ತಳ ಕಾಣುತ್ತಿದ್ದ ನೀರು ಈಗ ಅದೇ ಹಸಿರು ಬಣ್ಣ. ಕೋಡಿ ಹಳ್ಳ ಬಂದು ಸೇರುವ ಕಡೆ ನೊರೆ ಸೊಂಟದುದ್ದ ನಿಂತಿದೆ.

ನಮ್ಮ ಕೋಡಿಯ ನೀರು ಹೋಗುವುದು ಇವರ ಕೆರೆಗೆ. ಮದುವೆಯಾಗಿ ಬಂದ ವರ್ಷವೇ ನಮ್ಮತ್ತೆ ಹೇಳಿದ್ದರು, ನಮ್ಮ ಕೋಡಿ ಬಿದ್ದರೆ ಮಾದೇನಹಳ್ಳಿಯವರಿಗೆ ಹಬ್ಬ ಎಂದು. ಗೊತ್ತಿತ್ತು. ಯುಗಾದಿಯ ದಿನ ಮಾತ್ರ ನೆನಪಾಗಲಿಲ್ಲ.

ಬೈರಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ.

"ನಾಗಲಕ್ಷ್ಮಮ್ಮ, ನಿಮ್ಮ ಹೆಣ್ಣಿಗಿಂತ ಮುಂಚೆ ನಿಮ್ಮ ನೀರು ಬಂತಲ್ಲವ್ವ ನಮ್ಮೂರ್ಗೆ" ಎಂದರು.

ಯಜಮಾನರು ನೆಲ ನೋಡಿದರು. ನಾನು ಪತ್ರಿಕೆ ಹಿಡಿದುಕೊಂಡು ನಿಂತಿದ್ದೆ.

"ನಿಮ್ಮ ಕೆರೆ ಒಣಗಿಸಿದ್ದೀರಂತೆ. ಚಪ್ಪರಕ್ಕೆ ಗಂಗೆ ಎಲ್ಲಿಂದ ತರ್ತೀರಿ?"

"ಬೋರ್‌ವೆಲ್ ನೀರಿಗೆ ಪೂಜೆ ಮಾಡಿ..." ಎಂದರು ಯಜಮಾನರು.

"ಯಾಕಪ್ಪ, ನಮ್ಮ ಕೆರೇಲಿ ತಗೊಂಡು ಹೋಗ್ರಿ. ನಿಮ್ಮದೇ ತಾನೆ."

ಆಮೇಲೆ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಮದುವೆ ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೂ ಒಂದು ಥರ ಇರುತ್ತಿತ್ತು. ಆ ಮನೆಯಲ್ಲಿ ನನ್ನ ಮಗಳು ಬಾಳಬೇಕು. ಪ್ರತಿದಿನ ಕಿಟಕಿ ತೆಗೆದಾಗ ಅವಳಿಗೆ ತವರಿನ ವಾಸನೆ ಬರುತ್ತದೆ.

೨೮ ಏಪ್ರಿಲ್

ಎಲ್ಲಿಗಾದರೂ ಹೋಗಲಿ ಎಂದು ಬರೆದಿದ್ದೇನೆ, ಇದೇ ಡೈರಿಯಲ್ಲಿ, ನನ್ನ ಕೈಯಲ್ಲೇ.

೨ ಮೇ, ಶುಕ್ರವಾರ

ಕಾಲುವೆ ಆ ಕಡೆ ತಿರುಗಿಸಿದರೆ ಅವರಿಗೆ, ಈ ಕಡೆ ತಿರುಗಿಸಿದರೆ ನಮಗೆ. ತಿರುಗಿಸುವುದರಲ್ಲಿ ಏನೂ ಇಲ್ಲ, ಬಿಡುವುದನ್ನೇ ನಿಲ್ಲಿಸಬೇಕು. ಮೊದಲು ಎಲ್ಲರ ಹಿತ್ತಲಲ್ಲೂ ಕಕ್ಕಸಿನ ಗುಂಡಿ ಇತ್ತು. ತುಂಬಿದರೆ ಟ್ಯಾಂಕರಿನವನು ಹೀರಿಕೊಂಡು ಹೋಗಿ ಕನಕಪುರ ಕಡೆಯ ತೋಟಗಳಿಗೆ ಹಾಕುತ್ತಿದ್ದ. ಬಾಳೆ ಚೆನ್ನಾಗಿ ಬರುತ್ತದೆ ಎಂದು ತೋಟದವರು ಕಾದು ನಿಲ್ಲುತ್ತಿದ್ದರು. ಲೈನು ಬಂತು ಎಂದು ಎಲ್ಲರೂ ಗುಂಡಿ ಮುಚ್ಚಿಸಿ ಅದರ ಮೇಲೆ ಒಂದೊಂದು ರೂಮು ಎಬ್ಬಿಸಿದರು.

ನಿನ್ನೆ ಮೇಸ್ತ್ರಿ ಸೀನುವನ್ನು ಕರೆಸಿ ಹಿತ್ತಲಲ್ಲಿ ಎರಡು ಗುಂಡಿ ತೋಡಿಸಲು ಶುರು ಮಾಡಿದೆ, ಒಂದು ನಮಗೆ, ಒಂದು ವಠಾರಕ್ಕೆ. ನಾನು ನೆಟ್ಟ ಎರಡು ಸಪೋಟ ಗಿಡ ಹೋದವು. ಲೈನಿಗೆ ಹೋಗುವ ಪೈಪಿನ ಬಾಯಿಗೆ ನನ್ನೆದುರಿಗೇ ಸಿಮೆಂಟ್ ಮೆತ್ತಿಸಿದೆ.

ಯಜಮಾನರು ಕುಣಿದಾಡಿದರು. "ಮದುವೆ ಮನೇಲಿ ಕಕ್ಕಸು ಬಂದ್ ಮಾಡ್ತೀಯಲ್ಲ, ನಿಂಗೆ ತಲೆ ನೆಟ್ಟಗಿದ್ಯಾ? ನೆಂಟರು ಎಲ್ಲಿಗೆ ಹೋಗ್ತಾರೆ?"

"ನಿಮ್ಮ ತಾತ ಹೋದ ಕಡೆಗೆ" ಎಂದೆ.

ಸಂಜೆ ಅರಳಿಕಟ್ಟೆಯ ಹತ್ತಿರ ಊರಿನವರನ್ನು ಸೇರಿಸಿದೆ. ಒಬ್ಬೊಬ್ಬರೂ ಗುಂಡಿ ಮಾಡಿಸಿ ಎಂದೆ. ಮದುವೆ ಮುಗೀಲಿ ಎಂದರು. ಶುದ್ಧೀಕರಣ ಘಟಕ ಬರುತ್ತಲ್ಲ ಎಂದರು. ನಮ್ಮ ಕೆರೆಗಂತೂ ಬರ್ತಿಲ್ಲವಲ್ಲ ಅಕ್ಕ, ಇನ್ನೇನು ಎಂದ ಒಬ್ಬ. ಯಜಮಾನರು ಆ ಗುಂಪಿನಲ್ಲೇ ಕೂತಿದ್ದರು, ಬಾಯಿ ಬಿಡಲಿಲ್ಲ. ಅವರು ಒಂದು ಮಾತು ಹೇಳಿದ್ದರೆ ಊರು ಕೇಳುತ್ತಿತ್ತು. ಹೇಳಲಿಲ್ಲ. ಮೂವತ್ತು ವರ್ಷ ಬಡಿಸಿದ ಕೈಗೆ ಇವತ್ತು ನೋವಾಯಿತು.

೯ ಮೇ, ಶುಕ್ರವಾರ, ಚಪ್ಪರ

ಮಂಟಪಕ್ಕೆ ಹೂವಿನವರು ಬಂದಿದ್ದಾರೆ, ಹೊರಗೆ ಗಲಾಟೆ. ಕೋಣೆಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಬೆಳಿಗ್ಗೆ ಮುತ್ತೈದೆಯರೆಲ್ಲ ರೇಷ್ಮೆ ಸೀರೆ ಉಟ್ಟು ಕೊಡ ಹಿಡಿದು ನಿಂತರು. ಹಿತ್ತಲಿನ ಬೋರ್‌ವೆಲ್ ಹತ್ತಿರ ಪೂಜೆಗೆ ಅಣಿ ಮಾಡಿದ್ದರು. ನಾನು ಎಲ್ಲರನ್ನೂ ಟೆಂಪೊ ಹತ್ತಿಸಿದೆ, ವಾಲಗದವರನ್ನೂ. ಪಾರವ್ವನ ಕೈಗೆ ಕಳಶ ಕೊಟ್ಟಾಗ ನಮ್ಮ ಓರಗಿತ್ತಿ ಲಕ್ಷ್ಮಮ್ಮ, "ಬಾಡಿಗೆಯವಳ ಕೈಲಿ ಕಳಶ ಕೊಡ್ತೀಯಲ್ಲ ಅಕ್ಕ" ಎಂದಳು. ಈ ಊರಲ್ಲಿ ಇವಳಲ್ಲದೆ ಇನ್ಯಾರಿದ್ದಾರೆ ನನಗೆ ಎಂದೆ. ಹೊತ್ತಾಗುತ್ತಿತ್ತು.

ಟೆಂಪೊ ಮಾದೇನಹಳ್ಳಿಯ ಏರಿಯ ಮೇಲೆ ನಿಂತಿತು. ವಾಲಗ ಕೇಳಿ ಬೈರಮ್ಮ ಕೋಲೂರಿಕೊಂಡು ಬಂದರು. ನಾನು ಸೀರೆ ಎತ್ತಿ ಕಟ್ಟಿ ನೀರಿಗಿಳಿಯುವುದನ್ನು ಕಂಡು ಮುಖ ಸಣ್ಣದಾಯಿತು.

"ಅವತ್ತು ಹೊಟ್ಟೆ ಉರೀತಿತ್ತು, ಅದಕ್ಕೆ ಅಂದೆ ಕಣವ್ವ. ನಿಜವಾಗ್ಲೂ ತಗೊಂಡು ಹೋಗ್ತೀಯಾ?"

"ನಮ್ಮದೇ ತಾನೆ" ಎಂದೆ.

ಪಾಚಿ ಸರಿಸಲಿಲ್ಲ. ಪಾಚಿಯ ಸಮೇತ ಕೊಡ ಮುಳುಗಿಸಿ ತುಂಬಿದೆ. ಹೂ ಏರಿಸಿದೆ, ಕರ್ಪೂರ ಹಚ್ಚಿದೆ. ತಲೆಯ ಮೇಲೆ ಹೊತ್ತು ಟೆಂಪೊ ಹತ್ತಿರ ಬಂದರೆ ಬೈರಮ್ಮ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದರು. "ನಡಿ, ನಾನೂ ಬರ್ತೀನಿ. ಯಾರು ಹುಯ್ತಾರೋ ನೋಡ್ಬೇಕು."

ಚಪ್ಪರದ ಕೆಳಗೆ ಶ್ವೇತಳನ್ನು ಹಸೆಯ ಮೇಲೆ ಕೂರಿಸಿದ್ದರು. ಅರಿಶಿನ ಹಚ್ಚಿದ ಮುಖ. ಸುತ್ತ ನೆಂಟರು, ಊರ ಗಂಡಸರೆಲ್ಲ ಇದ್ದರು, ಅವತ್ತು ಅರಳಿಕಟ್ಟೆಯಲ್ಲಿ ಕೂತಿದ್ದವರೇ. ಕೊಡ ಇಳಿಸಿದೆ. ಹತ್ತಿರ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು. ನಮ್ಮ ಮನೆಯಲ್ಲಿ ಮೊದಲ ಚೊಂಬು ಹುಯ್ಯುವುದು ಹುಡುಗಿಯ ತಂದೆ.

"ಗಂಗೆ ಬಂದಿದೆ. ಹುಯ್ಯಿರಿ" ಎಂದೆ.

ಯಜಮಾನರು ಕೊಡದೊಳಗೆ ನೋಡಿದರು. ನನ್ನನ್ನು ನೋಡಿದರು. ಬಾಗಿಲ ಹತ್ತಿರ ಕೋಲೂರಿ ನಿಂತಿದ್ದ ಬೈರಮ್ಮನನ್ನು ನೋಡಿದರು. ವಾಲಗದವನು ಊದುವುದು ನಿಲ್ಲಿಸಿದ.

"ಇದ್ನ ಹೇಗೆ ಹುಯ್ಯೋದು?" ಎಂದರು, ಬಹಳ ಮೆಲ್ಲಗೆ.

"ನೀರು ನೀರೇ ಅಂದಿದ್ರಲ್ಲ."

ಶ್ವೇತ ತಲೆಯೆತ್ತಿ ಅಪ್ಪನನ್ನು ನೋಡಿದಳು. ಇದರಲ್ಲಿ ಒಂದೂ ಅವಳಿಗೆ ನಾನು ಮೊದಲೇ ಹೇಳಿರಲಿಲ್ಲ, ದೇವರಾಣೆ. "ಹುಯ್ಯಪ್ಪ. ನಾಡಿದ್ದಿನಿಂದ ನನಗೆ ದಿನಾ ಇದೇ ತಾನೆ" ಎಂದು ಕಣ್ಣು ಮುಚ್ಚಿಕೊಂಡಳು.

ಅವರು ಚೊಂಬು ಮುಳುಗಿಸಿದರು. ಎತ್ತಿದರು. ಮಗಳ ನೆತ್ತಿಯ ಹತ್ತಿರ ತಂದರು. ಚೊಂಬು ತುಳುಕಿ ಎರಡು ಹನಿ ಅವಳ ಅರಿಶಿನದ ಭುಜಕ್ಕೆ ಬಿದ್ದು ಹಸಿರು ಗೆರೆಯಾಗಿ ಇಳಿಯಿತು. ಹೆಗಲ ಮೇಲಿನ ಹೊಸ ರೇಷ್ಮೆ ಟವೆಲಿನಿಂದ ಅದನ್ನು ಒರೆಸಿದರು. ಮತ್ತೆ ಒರೆಸಿದರು. ಚೊಂಬಿನ ನೀರನ್ನು ಕೊಡಕ್ಕೆ ಹಾಕಿ, ಕೊಡ ಎತ್ತಿಕೊಂಡು ಅಂಗಳಕ್ಕೆ ಹೋದರು.

ಅಲ್ಲಿ ನಿಂತುಬಿಟ್ಟರು. ಚರಂಡಿಯ ಕಡೆ ಒಂದು ಹೆಜ್ಜೆ ಇಟ್ಟು ನಿಂತರು. ಕೆರೆಯ ಕಡೆ ತಿರುಗಿ ನಿಂತರು. ಇಡೀ ಊರು ನೋಡುತ್ತಿದೆ, ಊರ ಯಜಮಾನ ಒಂದು ಕೊಡ ನೀರು ಹಿಡಿದು ಅಂಗಳದ ನಡುವೆ ನಿಂತಿದ್ದಾನೆ.

"ನಾಗೂ, ಇದ್ನ ಎಲ್ಲಿ ಚೆಲ್ಲಲಿ?"

ಮದುವೆಯಾದ ಹೊಸತರಲ್ಲಿ ಹಾಗೆ ಕರೆಯುತ್ತಿದ್ದರು. ನನಗೆ ಬೈಯಬೇಕು ಅನ್ನಿಸಲಿಲ್ಲ. ಅಳು ಬಂತು. ಪಾರವ್ವ ಹೋಗಿ ಅವರ ತೋಳು ಮುಟ್ಟದೆ, ಕೈ ಸನ್ನೆಯಲ್ಲೇ ಹಿತ್ತಲಿನ ತೆಂಗಿನ ಮರ ತೋರಿಸಿದಳು. ಅದರ ಬುಡಕ್ಕೆ ಹುಯ್ದರು. ಒಣಗಿದ ನೆಲ, ಕ್ಷಣದಲ್ಲಿ ಹೀರಿಕೊಂಡಿತು. ಪಾಚಿ ಮಾತ್ರ ಮೇಲೆ ಉಳಿಯಿತು.

ಬೈರಮ್ಮ ಹತ್ತಿರ ಬಂದು ಖಾಲಿ ಕೊಡದೊಳಗೆ ಬಗ್ಗಿ ನೋಡಿದರು.

"ಒಂದು ಕೊಡ ಆಯ್ತು. ನಮ್ಮ ಕೆರೆ ತುಂಬ ಇರೋದನ್ನ ಯಾವ ಮರಕ್ಕೆ ಹುಯ್ತೀಯಪ್ಪ?"

ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಚಪ್ಪರದ ಕೆಳಗೆ ಬಂದು, ಊಟಕ್ಕೆ ಕಾದಿದ್ದ ಗಂಡಸರ ಮುಂದೆ ನಿಂತು, "ಗುದ್ದಲಿ ಇರೋರೆಲ್ಲ ತಗೊಂಡು ಬನ್ನಿ. ಎಲ್ಲರ ಹಿತ್ತಲಲ್ಲೂ ಗುಂಡಿಗೆ ಗುದ್ದಲಿ ಬೀಳ್ಬೇಕು, ಅಲ್ಲೀವರ್ಗೂ ಎಲೆ ಹಾಕಲ್ಲ" ಎಂದರು.